ಬರೆದೇ ಬದುಕೋದಾದರೆ: ಯಾವ ಬರವಣಿಗೆ ಮನೆ ಬಾಡಿಗೆ ಕಟ್ಟುತ್ತದೆ?

ಕನ್ನಡದಲ್ಲಿ ಬರೆದುಕೊಂಡೇ ಸಂಸಾರ ನಡೆಸಬಹುದಾ ಅಂತ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಪತ್ರಿಕೆಯ ಡೆಸ್ಕಿನಲ್ಲಿ ಇರುವವರು ಕೇಳುತ್ತಾರೆ. ಐಟಿ ಕಂಪನಿಯಲ್ಲಿ ಇದ್ದುಕೊಂಡು ರಾತ್ರಿ ಬರೆಯುವವರು ಕೇಳುತ್ತಾರೆ. ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿ ದುಡಿದು ಸಾಕಾದವರೂ ಕೇಳುತ್ತಾರೆ. ನಡೆಸಬಹುದು ಅನ್ನುವುದು ನನ್ನ ಉತ್ತರ. ನಾನು ಬದುಕುತ್ತಿರುವುದೂ ಹಾಗೇ. ಆದರೆ ಎಲ್ಲ ಬರವಣಿಗೆಯೂ ಒಂದೇ ಥರ ದುಡ್ಡು ತರುವುದಿಲ್ಲ. ಯಾವುದನ್ನು ನೆಚ್ಚಿಕೊಂಡು ನೌಕರಿ ಬಿಡುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಹೊಸಬರು ಮೊದಲು ಕೇಳುವುದು "ಪದಕ್ಕೆ ಎಷ್ಟು ಕೊಡ್ತಾರೆ?" ಅಂತ. ನಾನು ಮೊದಲು ಕೇಳುವುದು "ಬಿಲ್ ಕೊಟ್ಟ ಮೇಲೆ ದುಡ್ಡು ಯಾವಾಗ ಬರುತ್ತೆ?" ಅಂತ. ಒಬ್ಬರು ಪದಕ್ಕೆ ಎರಡು ರೂಪಾಯಿ ಹೇಳಿ ಮೂರು ತಿಂಗಳ ಮೇಲೆ ಕೊಡುತ್ತಾರೆ, ಇನ್ನೊಬ್ಬರು ಒಂದೂಕಾಲು ರೂಪಾಯಿ ಹೇಳಿ ಮೂರು ವಾರದಲ್ಲಿ ಕೊಡುತ್ತಾರೆ ಅಂದುಕೊಳ್ಳಿ. ಮೊದಲ ವರ್ಷ ಎರಡನೆಯವರನ್ನೇ ಹಿಡಿಯಿರಿ. ಬಾಡಿಗೆ, ಇಎಂಐ, ಮಕ್ಕಳ ಫೀಸು ಯಾವುದೂ ಮೂರು ತಿಂಗಳು ಕಾಯುವುದಿಲ್ಲ. ಬರವಣಿಗೆ ಕೈಕೊಟ್ಟು ನೌಕರಿಗೆ ವಾಪಸಾದವರನ್ನು ನಾನು ಅಷ್ಟಾಗಿ ಕಂಡಿಲ್ಲ. ಬರಬೇಕಾದ ದುಡ್ಡು ತಡವಾಗಿ ವಾಪಸಾದವರನ್ನು ಬೇಕಾದಷ್ಟು ಕಂಡಿದ್ದೇನೆ.

ಎರಡನೆಯದು, ಆ ಕೆಲಸಕ್ಕೆ ನಿಜವಾಗಿ ಎಷ್ಟು ಗಂಟೆ ಹೋಗುತ್ತದೆ ಅನ್ನುವುದು. ಬರೆಯುವ ಹೊತ್ತಲ್ಲದೆ ಫೋನು, ತಿದ್ದುಪಡಿ, ಕಾಯುವುದು ಎಲ್ಲ ಸೇರಿಸಿ. ಮೂರನೆಯದು, ಬರೆದದ್ದು ನಾಳೆ ಯಾರದ್ದಾಗಿರುತ್ತದೆ ಅನ್ನುವುದು. ಈ ಮೂರನ್ನೇ ಇಟ್ಟುಕೊಂಡು ಒಂದೊಂದನ್ನೂ ನೋಡೋಣ.

ಲೋಕಲೈಸೇಶನ್ ಮತ್ತು ಅನುವಾದ

ಬ್ಯಾಂಕಿನ ಆಪ್, ಮೊಬೈಲ್ ಕಂಪನಿಯ ಮೆಸೇಜು, ವಿಮೆಯ ಕರಪತ್ರ, ಆಸ್ಪತ್ರೆಯ ಒಪ್ಪಿಗೆ ಪತ್ರ, ಆನ್‌ಲೈನ್ ಅಂಗಡಿಯ ಸರಕಿನ ವಿವರ. ಇವನ್ನೆಲ್ಲ ಇಲ್ಲಿನ ಬಳಕೆದಾರರಿಗೆ ಒಗ್ಗುವ ಕನ್ನಡಕ್ಕೆ ತರುವುದೇ ಲೋಕಲೈಸೇಶನ್. ಈ ಕೆಲಸ ಬರುವುದು ಏಜೆನ್ಸಿಗಳ ಮೂಲಕ. ಹೆಸರು ಬರುವುದಿಲ್ಲ. ಯಾರೂ ಓದಿ ಚೆನ್ನಾಗಿದೆ ಅನ್ನುವುದಿಲ್ಲ. ಆದರೂ ಮನೆ ನಡೆಸುವ ಮಟ್ಟಿಗೆ ಕನ್ನಡದಲ್ಲಿ ಇದರಷ್ಟು ಸ್ಥಿರವಾದ ಬರವಣಿಗೆ ಬೇರೆ ಇಲ್ಲ ಅನ್ನುವುದು ನನ್ನ ಅನುಭವ. ಕೆಲಸ ವರ್ಷಪೂರ್ತಿ ಇರುತ್ತದೆ. ದೊಡ್ಡ ಏಜೆನ್ಸಿಗಳಲ್ಲಿ ಬಿಲ್ಲಿಗೆ ಒಂದು ದಿನಾಂಕ, ದುಡ್ಡಿಗೆ ಒಂದು ದಿನಾಂಕ ಅಂತ ಇರುತ್ತದೆ.

ಇಲ್ಲಿ ದರ ಒಪ್ಪುವ ಮೊದಲು ಒಂದು ವಿಷಯ ಕೇಳಲೇಬೇಕು. ಎಣಿಸುವುದು ಮೂಲದ ಪದಗಳನ್ನೋ, ಕನ್ನಡದ ಪದಗಳನ್ನೋ? "ಐ ವಿಲ್ ನಾಟ್ ಬಿ ಏಬಲ್ ಟು ಕಮ್ ಟುಮಾರೋ" ಅನ್ನುವುದರಲ್ಲಿ ಎಂಟು ಪದ ಇವೆ. "ನಾಳೆ ಬರೋಕೆ ಆಗಲ್ಲ" ಅಂದರೆ ಮೂರು. ನಮ್ಮಲ್ಲಿ ವಿಭಕ್ತಿ, ನಿಷೇಧ, ಕಾಲ ಎಲ್ಲ ಪದದ ಬಾಲದಲ್ಲೇ ಸೇರಿಕೊಳ್ಳುತ್ತವೆ. ಇಡೀ ಕಡತದಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಾಗಿರಲಿಕ್ಕಿಲ್ಲ. ಆದರೂ ಕನ್ನಡದ ಪದ ಎಣಿಸಿದರೆ ನಿಮ್ಮ ಬಿಲ್ಲಿನ ಒಂದು ಒಳ್ಳೆಯ ಪಾಲು ಅಲ್ಲೇ ಕರಗುತ್ತದೆ. ಹಾಗಾಗಿ ಮೂಲದ ಪದಕ್ಕೆ ಇಷ್ಟು ಅಂತಲೇ ಬರೆಸಿಕೊಳ್ಳಿ.

ಇನ್ನೊಂದು, ಪುನರಾವರ್ತನೆಯ ಕಡಿತ. ಟ್ರಾಡೋಸ್, ಮೆಮೊಕ್ಯೂ ಥರದ ತಂತ್ರಾಂಶಗಳು ಹಿಂದೆ ಅನುವಾದಿಸಿದ ವಾಕ್ಯಗಳನ್ನು ನೆನಪಿಟ್ಟುಕೊಳ್ಳುತ್ತವೆ. ಹೊಸ ವಾಕ್ಯ ಹಳೆಯದಕ್ಕೆ ಎಷ್ಟು ಹತ್ತಿರ ಇದೆ ಅಂತ ನೋಡಿ ಏಜೆನ್ಸಿ ದರ ಇಳಿಸುತ್ತದೆ. ಹೇಳಿದ್ದು ಒಂದು ದರ, ಕೈಗೆ ಬಂದದ್ದು ಅರ್ಧ ಅನ್ನುವ ಗೋಳು ಸಾಮಾನ್ಯವಾಗಿ ಇಲ್ಲಿಂದಲೇ ಹುಟ್ಟುತ್ತದೆ. ಯಾವ ಹೋಲಿಕೆಗೆ ಎಷ್ಟು ಕಡಿತ ಅನ್ನುವ ಪಟ್ಟಿಯನ್ನು ಮೊದಲೇ ತರಿಸಿಕೊಂಡು ನೋಡಿ.

ಈಗ ಬರುವ ಕೆಲಸದಲ್ಲಿ ಯಂತ್ರ ಅನುವಾದವನ್ನು ತಿದ್ದುವುದೇ ಹೆಚ್ಚುತ್ತಿದೆ. ಇದಕ್ಕೆ ಪದಕ್ಕೆ ಇಷ್ಟು ಅಂತ ಒಪ್ಪಬೇಡಿ, ಗಂಟೆಗೆ ಇಷ್ಟು ಅಂತ ಕೇಳಿ. ಯಂತ್ರ ಕೊಟ್ಟ ಕನ್ನಡ ಮೇಲ್ನೋಟಕ್ಕೆ ಸರಿಯಾಗೇ ಕಾಣುತ್ತದೆ. ಒಳಗೆ ಹೋದರೆ ಒಂದೇ ಪರದೆಯಲ್ಲಿ ಮೇಲೆ "ನಿಮ್ಮ ಖಾತೆ", ಕೆಳಗೆ "ಇಲ್ಲಿ ಒತ್ತು" ಅಂತ ಇರುತ್ತದೆ. ಗ್ರಾಹಕರನ್ನು ಒಮ್ಮೆ ಬಹುವಚನದಲ್ಲಿ, ಒಮ್ಮೆ ಏಕವಚನದಲ್ಲಿ ಮಾತಾಡಿಸುವುದನ್ನು ಸರಿಮಾಡಲು ಇಡೀ ಕಡತವನ್ನು ಎರಡು ಸಲ ಓದಬೇಕಾಗುತ್ತದೆ. ಹಾಗಿರುವಾಗ ಮೊದಲಿಂದ ಬರೆಯುವುದೇ ಬೇಗ. ಒಪ್ಪುವ ಮುಂಚೆ ನಾಲ್ಕು ಪುಟದ ಮಾದರಿ ತರಿಸಿಕೊಂಡು, ಗಡಿಯಾರ ಇಟ್ಟುಕೊಂಡು ತಿದ್ದಿ ನೋಡಿ.

ಧಾರಾವಾಹಿ, ಡಬ್ಬಿಂಗ್, ಸಬ್‌ಟೈಟಲ್

ದುಡ್ಡಿನ ಲೆಕ್ಕದಲ್ಲಿ ಕನ್ನಡದ ಬರಹಗಾರರಿಗೆ ದೊಡ್ಡ ಮನೆ ಅಂದರೆ ಟಿವಿ ಧಾರಾವಾಹಿ. ಸಂಭಾಷಣೆಗೆ ಸಂಚಿಕೆಗೆ ಇಷ್ಟು ಅಂತ ಲೆಕ್ಕ. ವಾರಕ್ಕೆ ಐದಾರು ಸಂಚಿಕೆ ಅಂದರೆ ತಿಂಗಳ ಮೊತ್ತ ಚೆನ್ನಾಗೇ ಆಗುತ್ತದೆ. ಆದರೆ ಇದನ್ನು ಫ್ರೀಲಾನ್ಸ್ ಅನ್ನುವುದು ಹೆಸರಿಗೆ ಮಾತ್ರ. ಪ್ರತಿ ಗುರುವಾರ ಟಿಆರ್‌ಪಿ ಬರುತ್ತದೆ. ಅಂಕಿ ಬಿದ್ದರೆ ಕತೆ ತಿರುಗುತ್ತದೆ. ಬರೆದಿಟ್ಟ ದೃಶ್ಯ ಹೋಗಿ ಹೊಸದು ಬೇಕಾಗುತ್ತದೆ, ಅದೂ ನಾಳೆ ಬೆಳಗಿನ ಶೂಟಿಂಗಿಗೆ. ಕಲಾವಿದರೊಬ್ಬರಿಗೆ ಜ್ವರ ಬಂದರೆ ಅವರಿಲ್ಲದ ದೃಶ್ಯ ಬರೆದು ವಾಟ್ಸಾಪಿನಲ್ಲಿ ಕಳಿಸಬೇಕು. ಹಬ್ಬಕ್ಕೆ ಊರಿಗೆ ಹೋದರೂ ಲ್ಯಾಪ್‌ಟಾಪ್ ಜೊತೆಗೇ ಇರಬೇಕು. ಧಾರಾವಾಹಿ ನಿಂತರೆ ಆದಾಯ ಒಂದೇ ಏಟಿಗೆ ಸೊನ್ನೆ. ನಿರ್ಮಾಪಕರಿಗೆ ಚಾನೆಲ್ಲಿಂದ ಹಣ ಬಂದ ಮೇಲೇ ನಿಮಗೆ ಅನ್ನುವ ಕಡೆ ಎರಡು ಮೂರು ತಿಂಗಳ ಬಾಕಿ ಮಾಮೂಲು. ಕೆಲಸ ಕಲಿಯುವುದಕ್ಕೆ ಒಳ್ಳೆಯ ಜಾಗ, ಮಾತು ಚುರುಕಾಗುತ್ತದೆ. ಜೊತೆಗೆ ಇನ್ನೊಂದು ಕೆಲಸ ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ಮಾತ್ರ ಇದು ಆಗಿಬರುವುದಿಲ್ಲ.

ಡಬ್ಬಿಂಗ್ ಬೇರೆ ಕತೆ. ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗಿಗೆ ಜಾಗವೇ ಇರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧ ಎಂದು ಹೇಳಿ, ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಕೆಲವು ಸಂಘಗಳಿಗೆ ದಂಡ ಹಾಕಿತು. ಆಮೇಲೆ ನಿಧಾನವಾಗಿ ಬಾಗಿಲು ತೆರೆಯಿತು. ಈಗ ಬೇರೆ ಭಾಷೆಯ ಸಿನಿಮಾ, ವೆಬ್ ಸರಣಿ, ಮಕ್ಕಳ ಕಾರ್ಟೂನು ಎಲ್ಲದಕ್ಕೂ ಕನ್ನಡದ ಮಾತು ಬೇಕು. ಡಬ್ಬಿಂಗ್ ಬೇಕಾ ಬೇಡವಾ ಅನ್ನುವ ವಾದದಲ್ಲಿ ಯಾರು ಯಾವ ಕಡೆ ಇದ್ದರೂ, ಬರೆಯುವವರಿಗೆ ಇದು ಹೊಸ ದುಡಿಮೆ ಅನ್ನುವುದು ನಿಜ ತಾನೇ?

ಈ ಕೆಲಸ ನನಗೆ ತುಂಬ ಇಷ್ಟ. ಯಾಕೆ ಅಂತ ಹೇಳುತ್ತೇನೆ. ಪರದೆ ಮೇಲೆ ಒಬ್ಬಳು ಎರಡು ಸೆಕೆಂಡು ಮಾತಾಡುತ್ತಾಳೆ. ಕೊನೆಗೆ ತುಟಿ ಮುಚ್ಚುತ್ತಾಳೆ. ನೀವು ಬರೆದ ಮಾತಿನಲ್ಲೂ ಅಲ್ಲೇ ಒಂದು ಪ, ಬ ಅಥವಾ ಮ ಬರಬೇಕು. ಇಲ್ಲದಿದ್ದರೆ ಮಾತು ಬಾಯಿಗೆ ಕೂರುವುದಿಲ್ಲ. ಮೂಲದಲ್ಲಿ ಒತ್ತು ಕೊನೆಯ ಪದದ ಮೇಲೆ ಇರುತ್ತದೆ. ನಮ್ಮಲ್ಲಿ ಕೊನೆಗೆ ಬರುವುದು ಕ್ರಿಯಾಪದ. "ಅವನು ನನ್ನ ತಮ್ಮ ಅಲ್ಲ" ಅಂದರೆ ತುಟಿ ತೆರೆದೇ ಇರುತ್ತದೆ. "ಅಲ್ಲ, ಅವನಲ್ಲ ನನ್ನ ತಮ್ಮ" ಅಂದರೆ ಮಾತು ತುಟಿಗೆ ಹತ್ತಿರ ಕೂರುತ್ತದೆ, ಒತ್ತೂ ಉಳಿಯುತ್ತದೆ, ಕನ್ನಡವೂ ಕೆಡುವುದಿಲ್ಲ. ಇದನ್ನು ಜೋರಾಗಿ ಹೇಳಿಕೊಂಡು ಬರೆಯಬೇಕು. ಇಪ್ಪತ್ತು ನಿಮಿಷದ ಕಾರ್ಟೂನಿಗೆ ಎಷ್ಟು ಹೊತ್ತು ಬೇಕು ಅಂತ ಮೊದಲ ಸಲ ಯಾರಿಗೂ ಅಂದಾಜು ಸಿಗುವುದಿಲ್ಲ. ದರ ಇರುವುದು ವಿಡಿಯೋದ ನಿಮಿಷಕ್ಕೆ. ಹಾಗಾಗಿ ಐದು ನಿಮಿಷದ ತುಣುಕು ಬರೆದು ನೋಡಿ, ಆಮೇಲೆ ದರ ಹೇಳಿ.

ಸಬ್‌ಟೈಟಲ್ ಇದಕ್ಕಿಂತ ತೆಳು ಕೆಲಸ. ಎರಡೇ ಸಾಲು, ಸಾಲಿಗೆ ಇಷ್ಟೇ ಅಕ್ಷರ, ಪರದೆ ಮೇಲೆ ಕೆಲವೇ ಸೆಕೆಂಡು. ಅಭ್ಯಾಸ ಆದ ಮೇಲೆ ಕೈ ಓಡುತ್ತದೆ. ಆದರೆ ಯಂತ್ರ ಬೇಗ ಕಸಿದುಕೊಳ್ಳುತ್ತಿರುವ ಕೆಲಸಗಳಲ್ಲಿ ಇದೂ ಒಂದು. ಇದೊಂದನ್ನೇ ನಂಬಿಕೊಳ್ಳಬೇಡಿ.

ತಿಂಗಳ ಒಪ್ಪಂದದ ಬರಹ

ಜಾಹೀರಾತು ಏಜೆನ್ಸಿ, ಎನ್‌ಜಿಒ, ಶಿಕ್ಷಣ ಸಂಸ್ಥೆ, ಚಿನ್ನದ ಅಂಗಡಿ, ಯೂಟ್ಯೂಬ್ ಚಾನೆಲ್ ಇವರಿಗೆಲ್ಲ ತಿಂಗಳಿಗೆ ಇಷ್ಟು ಬರಹ ಅಂತ ಬೇಕಿರುತ್ತದೆ. ತಿಂಗಳ ಮೊತ್ತ ಗೊತ್ತಿರುತ್ತದೆ, ಹೆಚ್ಚು ಕಡಿಮೆ ಸಂಬಳದ ಥರವೇ. ಇಂಥ ಒಂದು ಒಪ್ಪಂದ ಕೈಯಲ್ಲಿದ್ದರೆ ಧೈರ್ಯ ಬರುತ್ತದೆ. ತೊಂದರೆ ಒಂದೇ. "ಸುಮ್ನೆ ಒಂದು ಸಣ್ಣ ಚೇಂಜ್" ಅನ್ನುವ ಫೋನು ದಿನಕ್ಕೆ ನಾಲ್ಕು ಬರುತ್ತದೆ. ಎಷ್ಟು ಬರಹ, ಎಷ್ಟು ಸಲ ತಿದ್ದುಪಡಿ, ಯಾವ ಹೊತ್ತಿನವರೆಗೆ ಫೋನು ಅನ್ನುವುದು ಬರವಣಿಗೆಯಲ್ಲಿ ಇರಲಿ. ಅದಿಲ್ಲದೆ ಒಪ್ಪಿದರೆ ನೌಕರಿಯ ಕಷ್ಟವೆಲ್ಲ ಇರುತ್ತದೆ, ಪಿಎಫ್ ಮಾತ್ರ ಇರುವುದಿಲ್ಲ.

ಇನ್ನೊಬ್ಬರ ಹೆಸರಿನಲ್ಲಿ ಬರೆಯುವುದು

ಈ ಕೆಲಸದ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ಜಿಲ್ಲಾ ಕೇಂದ್ರಗಳಲ್ಲಿ ಇರುವವರಿಗೆ ಇದರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಸಹಕಾರಿ ಬ್ಯಾಂಕಿನ ಸುವರ್ಣ ಮಹೋತ್ಸವ, ಸರ್ಕಾರಿ ಶಾಲೆಯ ಶತಮಾನೋತ್ಸವ, ಮಠದ ಸ್ಮರಣ ಸಂಚಿಕೆ, ನಿವೃತ್ತ ವೈದ್ಯರ ಆತ್ಮಕತೆ, ಗುರುಗಳ ಅಭಿನಂದನ ಗ್ರಂಥ. ಕೊಡುವವರು ಎದುರಿಗೇ ಇರುತ್ತಾರೆ. ನಡುವೆ ಏಜೆನ್ಸಿ ಇಲ್ಲ. ಸಮಾರಂಭದ ದಿನಾಂಕ ಗೊತ್ತಾಗಿರುತ್ತದೆ, ಹಾಗಾಗಿ ಕೆಲಸ ಎಳೆದಾಡುವುದಿಲ್ಲ. ಅಡ್ವಾನ್ಸ್ ಕೇಳಿದರೆ ಬೇಜಾರೂ ಮಾಡಿಕೊಳ್ಳುವುದಿಲ್ಲ.

ಹಣವನ್ನು ಮೂರು ಕಂತು ಮಾಡಿ. ಒಪ್ಪಿದ ದಿನ ಒಂದು, ಕರಡು ಕೊಟ್ಟಾಗ ಒಂದು, ಪ್ರೆಸ್ಸಿಗೆ ಹೋಗುವ ಮುಂಚೆ ಒಂದು. ಕೊನೆಯ ಕಂತನ್ನು ಸಮಾರಂಭ ಆದ ಮೇಲೆ ಅಂತ ಬಿಡಲೇಬೇಡಿ. ಶಾಮಿಯಾನ ಬಿಚ್ಚಿದ ಮೇಲೆ ಸಮಿತಿಯವರು ಯಾರೂ ಫೋನಿಗೆ ಸಿಗುವುದಿಲ್ಲ. ಇನ್ನೊಂದು ಸಣ್ಣ ಮಾತು. ಊರಿನ ಪ್ರೆಸ್ಸುಗಳು ಇನ್ನೂ ಹಳೆಯ ನುಡಿ ಫಾಂಟಿನಲ್ಲೇ ಪುಟ ಕಟ್ಟುತ್ತವೆ. ನೀವು ಯೂನಿಕೋಡಿನಲ್ಲಿ ಕೊಟ್ಟದ್ದು ಅಲ್ಲಿ ಪರಿವರ್ತನೆಯಾಗುವಾಗ ಅರ್ಕಾವತ್ತು, ಒತ್ತಕ್ಷರ ಕೆಡಬಹುದು. ಪುಟ ಕಟ್ಟಿದ ಮೇಲಿನ ಪ್ರೂಫ್ ಓದುವುದೂ ನಿಮ್ಮ ಕೆಲಸವಾದರೆ ಅದಕ್ಕೆ ಬೇರೆ ದರ ಹೇಳಿ.

ಪತ್ರಿಕೆ ಮತ್ತು ಪುಸ್ತಕ

ಪತ್ರಿಕೆಗಳು ಕೊಡುವುದು ಗೌರವಧನ. ಅದು ಆದಾಯವಲ್ಲ. ಅಂಕಣ, ದೀಪಾವಳಿ ವಿಶೇಷಾಂಕದ ಕತೆ, ಪ್ರಬಂಧ ಇವೆಲ್ಲ ನಿಮ್ಮ ಹೆಸರನ್ನು ನಾಲ್ಕು ಜನಕ್ಕೆ ಮುಟ್ಟಿಸುತ್ತವೆ. ಆ ಹೆಸರಿನಿಂದ ಬೇರೆ ಕೆಲಸ ಬರುತ್ತದೆ. ಅಷ್ಟಕ್ಕೆ ಬರೆಯಿರಿ, ಖುಷಿಯಿಂದ ಬರೆಯಿರಿ.

ಪುಸ್ತಕದ ಲೆಕ್ಕ ನೋಡಿ. ಕನ್ನಡದಲ್ಲಿ ಒಂದು ಮುದ್ರಣ ಅಂದರೆ ಸಾಮಾನ್ಯವಾಗಿ 1,000 ಪ್ರತಿ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಬೆಲೆ 200 ರೂಪಾಯಿ, ರಾಯಧನ ಶೇ. 10 ಅಂದುಕೊಂಡರೆ, ಎಲ್ಲ ಪ್ರತಿ ಮಾರಾಟವಾದ ಮೇಲೆ 20,000 ರೂಪಾಯಿ. ಒಂದು ಕಾದಂಬರಿಗೆ ಎರಡು ವರ್ಷ ಹಿಡಿದರೆ ತಿಂಗಳಿಗೆ ಎಷ್ಟಾಯಿತು, ನೀವೇ ನೋಡಿ. ಮೊದಲ ಮುದ್ರಣಕ್ಕೆ ಹಣದ ಬದಲು ಪ್ರತಿಗಳನ್ನೇ ಕೊಡುವ ಪ್ರಕಾಶಕರೂ ಇದ್ದಾರೆ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ. ಅರ್ಜಿ ಕರೆದಾಗ ಹಾಕಿ. ಆದರೆ ಅದು ಪುಸ್ತಕ ಅಚ್ಚಾಗುವುದಕ್ಕೆ, ಮನೆ ನಡೆಯುವುದಕ್ಕಲ್ಲ.

ಹಿಂದಿನವರು ಬರೆದೇ ಬದುಕಿದರಲ್ಲ ಅಂತ ಯಾರಾದರೂ ಅ.ನ.ಕೃ. ಅವರ ಹೆಸರು ಹೇಳುತ್ತಾರೆ. ನಿಜ, ಅವರು ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಆ ಸಂಖ್ಯೆಯಲ್ಲೇ ಬದುಕಿನ ಒತ್ತಡವೂ ಕಾಣುತ್ತದೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೂ ನಡೆಸಿದರು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ತೋಟ ನೋಡಿಕೊಂಡು ಬರೆದರು. ತಮಗೆ ಬೇಕಾದದ್ದನ್ನು ಬೇಕಾದ ಹಾಗೆ ಬರೆಯಲು ಅವರಿಗೆ ಕೈಯಲ್ಲಿ ಇನ್ನೊಂದು ಕೆಲಸ ಇತ್ತು. ನನಗೆ ಈ ಮಾತು ತುಂಬ ಮುಖ್ಯ ಅನಿಸುತ್ತದೆ. ನಿಮ್ಮ ಕಾದಂಬರಿಯಿಂದ ಬಾಡಿಗೆ ಕಟ್ಟಿಸಬೇಡಿ. ಅದಕ್ಕೆ ಅನುವಾದ ಇದೆ, ಸ್ಮರಣ ಸಂಚಿಕೆ ಇದೆ. ಕಾದಂಬರಿ ತನ್ನ ಪಾಡಿಗೆ ತಾನು ಬೆಳೆಯಲಿ.

ಕನ್ನಡದಿಂದ ಇಂಗ್ಲಿಷಿಗೆ ಸಾಹಿತ್ಯ ಅನುವಾದ ಮಾಡುವವರಿಗೆ ಈಗ ಒಳ್ಳೆಯ ಕಾಲ. 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಬಂತು. ಆ ಪ್ರಶಸ್ತಿಯ 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮಪಾಲು. ಅನುವಾದಕರ ಹೆಸರು ಮುಖಪುಟಕ್ಕೆ ಬರಬೇಕು ಅನ್ನುವ ಮಾತಿಗೆ ಇದರಿಂದ ಬಲ ಬಂದಿದೆ. ಆದರೂ ಇದು ವರ್ಷಗಟ್ಟಲೆ ಹಿಡಿಯುವ ಕೆಲಸ. ಪುಸ್ತಕದ ಸಾಲಿಗೇ ಸೇರಿಸಿಕೊಳ್ಳಿ.

ನೌಕರಿ ಬಿಡುವ ಮೂರು ದಾರಿ

ಒಂದು, ರಾಜೀನಾಮೆ ಕೊಟ್ಟು ಮರುದಿನದಿಂದಲೇ ಹುಡುಕಲು ಶುರು ಮಾಡುವುದು. ಎರಡು, ನೌಕರಿಯಲ್ಲೇ ಇದ್ದು ಸಂಜೆ, ಶನಿವಾರ ಭಾನುವಾರ ಬರೆದು ಕ್ಲೈಂಟ್‌ಗಳನ್ನು ಮಾಡಿಕೊಂಡು ಆಮೇಲೆ ಬಿಡುವುದು. ಮೂರು, ಇರುವ ಕಂಪನಿಯ ಹತ್ತಿರವೇ ಮಾತಾಡಿ ಅರ್ಧ ದಿನದ ಕೆಲಸಕ್ಕೋ ಒಪ್ಪಂದಕ್ಕೋ ಬದಲಾಗುವುದು.

ಮೂರನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಒಳ್ಳೆಯದು. ನಿಮ್ಮ ಕೆಲಸ ಗೊತ್ತಿರುವವರು, ನಿಮ್ಮ ಬ್ಯಾಂಕ್ ಖಾತೆ ಈಗಾಗಲೇ ಅವರ ಕಡತದಲ್ಲಿ ಇದೆ. ಹೊಸಬರನ್ನು ಹುಡುಕಿ ಕಲಿಸುವುದಕ್ಕಿಂತ ನಿಮ್ಮಿಂದ ತಿಂಗಳಿಗೆ ಇಷ್ಟು ಕೆಲಸ ತೆಗೆದುಕೊಳ್ಳುವುದು ಅವರಿಗೂ ಸುಲಭ. ನೋಟಿಸ್ ಪೀರಿಯಡ್ ಶುರುವಾಗುವ ಮುಂಚೆ ಕೇಳಿ ನೋಡಿ. ಹೆಚ್ಚೆಂದರೆ ಆಗಲ್ಲ ಅನ್ನುತ್ತಾರೆ.

ಎರಡನೆಯ ದಾರಿ ಹಿಡಿದರೆ ನೇಮಕ ಪತ್ರ ತೆಗೆದು ಓದಿ. ಬೇರೆ ಕಡೆ ದುಡಿಯಬಾರದು ಅನ್ನುವ ಷರತ್ತು ಬಹಳ ಕಡೆ ಇರುತ್ತದೆ. ಸರ್ಕಾರಿ ನೌಕರರಾದರೆ ನಡತೆ ನಿಯಮಗಳನ್ನು ನೋಡಿ, ಬೇಕಾದ ಅನುಮತಿ ಪಡೆದೇ ಮುಂದುವರಿಯಿರಿ. ಮೊದಲ ದಾರಿ ಉಳಿತಾಯ ಗಟ್ಟಿ ಇರುವವರಿಗೆ, ಅಥವಾ ಮನೆಯಲ್ಲಿ ಇನ್ನೊಂದು ಸಂಬಳ ಬರುವವರಿಗೆ ಮಾತ್ರ.

ಯಾವ ದಾರಿಯಾದರೂ ಬಿಡುವ ದಿನಾಂಕವನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಗೊತ್ತು ಮಾಡಿ. ಕಾಯಂ ನೌಕರರಿಗೆ ಗ್ರಾಚ್ಯುಟಿ, ಅಂದರೆ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗಲು ಐದು ವರ್ಷದ ಸೇವೆ ಬೇಕು. ಪಿಎಫ್ ಜೊತೆಗಿನ ಇಪಿಎಸ್ ಪಿಂಚಣಿಗೆ ಹತ್ತು ವರ್ಷ ಬೇಕು. ನಾಲ್ಕು ವರ್ಷ ಎಂಟು ತಿಂಗಳಾಗಿದ್ದರೆ ಇನ್ನು ನಾಲ್ಕು ತಿಂಗಳು ಹಲ್ಲು ಕಚ್ಚಿ ಇರಿ. ಮನೆ ಸಾಲ ಬೇಕಿದ್ದರೆ ಸಂಬಳದ ಚೀಟಿ ಇರುವಾಗಲೇ ತೆಗೆದುಕೊಳ್ಳಿ. ಸ್ವಂತ ದುಡಿಮೆಯವರಿಗೆ ಬ್ಯಾಂಕಿನವರು ಎರಡು ಮೂರು ವರ್ಷದ ಆದಾಯ ತೆರಿಗೆ ವಿವರ ಕೇಳುತ್ತಾರೆ. ಆದರೆ ಹೊಸ ಇಎಂಐ ಹೊತ್ತುಕೊಂಡು ಅದೇ ತಿಂಗಳು ನೌಕರಿ ಬಿಡಬೇಡಿ. ಆರೋಗ್ಯ ವಿಮೆ ಇನ್ನೂ ಮುಖ್ಯ. ಕಂಪನಿಯ ಗುಂಪು ವಿಮೆ ನೌಕರಿಯ ಜೊತೆಗೇ ಹೋಗುತ್ತದೆ. ಹೊಸದಾಗಿ ಮಾಡಿಸಿದ ವಿಮೆಯಲ್ಲಿ ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯುವ ಅವಧಿ ಇರಬಹುದು. ನೌಕರಿಯಲ್ಲಿ ಇರುವಾಗಲೇ ಸ್ವಂತ ಪಾಲಿಸಿ ಶುರು ಮಾಡಿದರೆ ಆ ಅವಧಿ ಓಡಲು ಶುರುವಾಗಿರುತ್ತದೆ.

ಉಳಿತಾಯ ಎಷ್ಟಿರಬೇಕು? ಆರು ತಿಂಗಳ ಮನೆ ಖರ್ಚು ಅಂತ ಎಲ್ಲರೂ ಹೇಳುತ್ತಾರೆ. ನಾನು ಅದಕ್ಕೆ ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನೂ ಸೇರಿಸಿ ಅನ್ನುತ್ತೇನೆ. ಜೂನ್ ತಿಂಗಳ ಸ್ಕೂಲ್ ಫೀಸು, ವಿಮೆಯ ಕಂತು, ಊರಿನ ಜಾತ್ರೆ, ಒಂದು ಮದುವೆ. ಈ ಲೆಕ್ಕ ಹಾಕುವಾಗ ಬರಬೇಕಾದ ಬಾಕಿ ಬಿಲ್ಲುಗಳನ್ನು ಸೊನ್ನೆ ಅಂತಲೇ ಹಿಡಿಯಿರಿ. ಸಂಬಳದ ಜೊತೆ ಹೋಲಿಸುವಾಗ ಇನ್ನೊಂದು ನೆನಪಿರಲಿ. ತಿಂಗಳ ಎಲ್ಲ ದಿನವೂ ದುಡ್ಡು ತರುವ ಬರವಣಿಗೆ ನಡೆಯುವುದಿಲ್ಲ. ಮೂರರಲ್ಲಿ ಒಂದು ಭಾಗ ಕೆಲಸ ಹುಡುಕುವುದಕ್ಕೆ, ಬಿಲ್ ಹಾಕುವುದಕ್ಕೆ, ನೆನಪಿಸುವುದಕ್ಕೆ ಹೋಗುತ್ತದೆ. ಈಗಿನ ಸಂಬಳಕ್ಕೆ ಸಮ ಆಗುವ ಆದಾಯ ಸಾಕು ಅಂದುಕೊಂಡರೆ ಕೈ ಕಟ್ಟಿಹೋಗುತ್ತದೆ. ಅದರ ಒಂದೂವರೆ ಪಟ್ಟು ಬರುವ ಹಾಗೆ ದರ ಇಟ್ಟುಕೊಳ್ಳಿ.

ಬಿಲ್ಲು, ಬಾಕಿ, ಹಕ್ಕು

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲು, ಮಾಡಿಸಿಕೊಳ್ಳಿ. ಆನ್‌ಲೈನಿನಲ್ಲಿ ಉಚಿತ. ಬರಹಗಾರರಿಗೆ ಇದೆಲ್ಲ ಯಾಕೆ ಅನಿಸಬಹುದು. 2006ರ ಎಂಎಸ್ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದವರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದದಲ್ಲಿ 90 ದಿನ ಅಂತ ಬರೆದಿದ್ದರೂ ಕಾನೂನು ಮಾನ್ಯ ಮಾಡುವುದು 45ನ್ನೇ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲಿನಿಂದ ಇನ್ನೊಂದು ಬಿಗಿಯೂ ಬಂತು. ಸಣ್ಣ ಉದ್ಯಮದವರಿಗೆ ಹೊತ್ತಿಗೆ ಸರಿಯಾಗಿ ಹಣ ಕೊಡದ ಕಂಪನಿ ಆ ಖರ್ಚನ್ನು ಆ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಇದ್ದರೆ, ಮಾರ್ಚ್ ಹತ್ತಿರ ಬಂದಾಗ ಅಕೌಂಟ್ಸ್ ವಿಭಾಗದವರೇ ಹಳೆಯ ಬಿಲ್ಲು ಹುಡುಕುತ್ತಾರೆ. ನೋಂದಣಿ ಮಾತ್ರ ಕೆಲಸ ಶುರು ಮಾಡುವ ಮುಂಚೆಯೇ ಆಗಿರಬೇಕು. ಜಗಳದ ನಡುವೆ ಮಾಡಿಸಿದರೆ ಹಳೆಯ ಬಾಕಿಗೆ ಉಪಯೋಗಕ್ಕೆ ಬರುವುದಿಲ್ಲ.

ಕಂಪನಿಗಳು ವೃತ್ತಿಪರ ಶುಲ್ಕ ಅಂತ ಕೊಡುವಾಗ ಶೇ. 10ನ್ನು ಟಿಡಿಎಸ್ ಅಂತ, ಅಂದರೆ ನಿಮ್ಮ ತೆರಿಗೆಯ ಲೆಕ್ಕಕ್ಕೆ, ಮೊದಲೇ ಹಿಡಿಯುತ್ತವೆ. 50,000ದ ಬಿಲ್ಲಿಗೆ 45,000 ಬರುತ್ತದೆ. ಆ 5,000 ಹೋಯಿತು ಅಂದುಕೊಂಡು ಸುಮ್ಮನಿರುವವರನ್ನು ನೋಡಿದ್ದೇನೆ. ಅದು ನಿಮ್ಮ ದುಡ್ಡು. ತೆರಿಗೆ ಅಷ್ಟು ಬಾರದಿದ್ದರೆ ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ. ವರ್ಷದ ಆದಾಯ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಲೆಕ್ಕಪುಸ್ತಕ ಇಡದೆ ಆದಾಯದ ಅರ್ಧವನ್ನು ಲಾಭ ಅಂತ ತೋರಿಸುವ ಸೌಲಭ್ಯ ಕೆಲವು ವೃತ್ತಿಗಳಿಗೆ ಇದೆ. ಸಿನಿಮಾದ ಕತೆ, ಚಿತ್ರಕಥೆ, ಸಂಭಾಷಣೆ ಬರೆಯುವವರು ಆ ಪಟ್ಟಿಯಲ್ಲಿ ಇದ್ದಾರೆ. ಜಾಹೀರಾತು ಬರಹ, ಅನುವಾದದ ಹೆಸರು ಅಲ್ಲಿ ನೇರವಾಗಿ ಇಲ್ಲ. ಇದೊಂದನ್ನು ಆಡಿಟರ್ ಹತ್ತಿರ ಕೇಳಿ. ಅವರಿಗೆ ಕೊಡುವ ಫೀಸು ದಂಡವಲ್ಲ.

ಹಕ್ಕಿನ ವಿಷಯದಲ್ಲಿ ಫ್ರೀಲಾನ್ಸ್‌ನವರದೇ ಮೇಲುಗೈ. ಇದು ಬಹಳ ಜನಕ್ಕೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕರದ್ದು. ಹೊರಗಿನವರಾಗಿ ನೀವು ಬರೆದ ಲೇಖನ, ಕತೆ ನಿಮ್ಮದೇ, ನೀವು ಬರೆದು ಸಹಿ ಹಾಕಿ ಕೊಡುವವರೆಗೆ. ಬಾಯಿಮಾತಿನಲ್ಲಿ ಹಕ್ಕು ವರ್ಗಾವಣೆ ಆಗುವುದಿಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ ಒಪ್ಪಂದದಲ್ಲಿ "ಎಲ್ಲ ಮಾಧ್ಯಮ, ಎಲ್ಲ ಕಾಲ, ಎಲ್ಲ ದೇಶ" ಅನ್ನುವ ಸಾಲು ಕಂಡರೆ ಅಲ್ಲಿ ನಿಲ್ಲಿ. ಆಪ್‌ನ ಬರಹಕ್ಕೆ, ಕರಪತ್ರಕ್ಕೆ ಕೊಡಿ, ಅದರಿಂದ ನಿಮಗೆ ಮುಂದೆ ಏನೂ ಬರುವುದಿಲ್ಲ. ಸ್ವಂತ ಕತೆಗೆ ಕೊಡಬೇಡಿ. ಕತೆಯ ಆಡಿಯೋ, ಧಾರಾವಾಹಿ, ಅನುವಾದ ಒಂದೊಂದೂ ಬೇರೆ ಬೇರೆ ಮಾರಾಟ.

ಯಾರಿಗೆ ಯಾವುದು

ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಚೆನ್ನಾಗಿದ್ದು, ಮನೆ ಜವಾಬ್ದಾರಿ ಜಾಸ್ತಿ ಇರುವವರು ಲೋಕಲೈಸೇಶನ್ನಿನಿಂದ ಶುರು ಮಾಡಿ, ಜೊತೆಗೆ ಒಂದು ತಿಂಗಳ ಒಪ್ಪಂದ ಇಟ್ಟುಕೊಳ್ಳಿ. ಮಾತು ಕಟ್ಟುವುದರಲ್ಲಿ ಕೈ ಇರುವವರು, ಒಂಟಿಯಾಗಿ ಬೆಂಗಳೂರಿನಲ್ಲಿ ಇರುವವರು ಡಬ್ಬಿಂಗ್ ಸ್ಟುಡಿಯೋಗಳ ಬಾಗಿಲು ತಟ್ಟಿ. ಶಿವಮೊಗ್ಗ, ಧಾರವಾಡ, ಮೈಸೂರಿನಲ್ಲಿ ಸ್ವಂತ ಮನೆ ಇದ್ದು ನಾಲ್ಕು ಜನರ ಪರಿಚಯ ಇರುವವರಿಗೆ ಸ್ಮರಣ ಸಂಚಿಕೆ, ಆತ್ಮಕತೆಗಳ ಕೆಲಸವೇ ಲೇಸು. ಪತ್ರಿಕೆಯಿಂದ ಬರುವವರು ಹಳೆಯ ಸಂಪರ್ಕಗಳಿಗೆ ಗೌರವಧನದ ಲೇಖನ ಕೇಳುವುದನ್ನು ಬಿಟ್ಟು ಎನ್‌ಜಿಒ, ಸಂಸ್ಥೆಗಳ ವರದಿಯ ಕೆಲಸ ಕೇಳಿ.

ಒಬ್ಬರೇ ಕ್ಲೈಂಟಿನಿಂದ ಅರ್ಧಕ್ಕಿಂತ ಹೆಚ್ಚು ಆದಾಯ ಬರುತ್ತಿದ್ದರೆ ಅದು ಇನ್ನೂ ನೌಕರಿಯೇ. ಎರಡನೆಯವರು ಸಿಗುವವರೆಗೆ ರಾಜೀನಾಮೆ ಬರೆಯಬೇಡಿ. ಬರೆಯುವ ದಿನ ಬಂದಾಗ, ಮೊದಲ ಕ್ಲೈಂಟಿಗೆ ಒಂದು ಇಮೇಲ್ ಕಳಿಸಿ. ಕೆಲಸ ಏನು, ಎಷ್ಟು ಪದ, ಎಣಿಕೆ ಯಾವ ಭಾಷೆಯದ್ದು, ಎಷ್ಟು ತಿದ್ದುಪಡಿ, ಯಾವ ದಿನಾಂಕಕ್ಕೆ ಹಣ, ಹಕ್ಕು ಯಾರದ್ದು. ಆರು ಸಾಲು ಸಾಕು. ಅವರು "ಸರಿ" ಅಂತ ಉತ್ತರ ಬರೆದ ಮೇಲೆ ಕೆಲಸ ಶುರು ಮಾಡಿ.